ತೊಟ್ಟು ಲಟಕ್ಕನೆ ಮುರಿಯುವವರೆಗೆ

ಪುದೀನದ ಎಲೆಯೊಂದನ್ನು ಕಿತ್ತು, ಬೆನ್ನು ಮೇಲಾಗಿಸಿ, ಭೂತಗನ್ನಡಿಯಲ್ಲಿ ನೋಡಿ. ನರಗಳ ನಡುವಿನ ತಗ್ಗುಗಳಲ್ಲಿ ಸಾಸಿವೆಗಿಂತ ಎಷ್ಟೋ ಪಟ್ಟು ಚಿಕ್ಕದಾದ, ಮಿನುಗುವ ಚುಕ್ಕಿಗಳು ಕಾಣುತ್ತವೆ. ಒಂದೊಂದು ಚುಕ್ಕಿಯೂ ತೆಳುಪೊರೆ ಹೊದ್ದ ಎಣ್ಣೆಯ ಚೀಲ. ಪುದೀನದ ಘಮವೆಲ್ಲ ಇರುವುದು ಅಲ್ಲೇ. ಉಳಿದ ಎಲೆಯಲ್ಲಿ ತುಂಬಿರುವುದು ಬಹುಪಾಲು ನೀರು: ನೂರು ಗ್ರಾಂ ಹಸಿ ಪುದೀನದಲ್ಲಿ ಸುಮಾರು 80ರಿಂದ 85 ಗ್ರಾಂ. ಸೊಪ್ಪು ಒಣಗಿಸುವಾಗ ಈ ನೀರು ಹೊರಗೆ ಹೋಗಬೇಕು, ಆ ಚೀಲಗಳು ಒಡೆಯದೆ ಉಳಿಯಬೇಕು. ತೊಡಕು ಏನೆಂದರೆ ಎರಡೂ ಆವಿಯಾಗುವಂಥವೇ.

ಪೆಪ್ಪರ್‌ಮಿಂಟ್ ಪುದೀನಕ್ಕೆ ತಂಪು ಕೊಡುವ ಮೆಂಥಾಲ್ ಕುದಿಯುವುದು 212 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತುಳಸಿ ಜಾತಿಯ ಗಿಡಗಳಲ್ಲಿರುವ ಯೂಜಿನಾಲ್ 254ರಲ್ಲಿ. ಹಾಗಾದರೆ 60 ಡಿಗ್ರಿಯಲ್ಲಿ ಒಣಗಿಸಿದರೆ ಏನು ಹೋದೀತು ಎಂಬ ಲೆಕ್ಕ ಮೇಲುನೋಟಕ್ಕೆ ಸರಿ ಅನ್ನಿಸುತ್ತದೆ. ಆದರೆ ನೀರು ಕುದಿಯುವುದೂ 100ರಲ್ಲೇ. ಒದ್ದೆ ಬಟ್ಟೆ ನೆರಳಲ್ಲಿ ಒಣಗುವುದಿಲ್ಲವೇ? ಕುದಿಯದೆಯೂ ದ್ರವ ಆವಿಯಾಗುತ್ತಲೇ ಇರುತ್ತದೆ, ಬಿಸಿ ಏರಿದಂತೆ ಇನ್ನೂ ಬೇಗ ಬೇಗ. ಸೊಪ್ಪು ಒಣಗಿಸುವಾಗ ಮನೆಯೆಲ್ಲ ಘಮ್ಮೆಂದಿತೆಂದು ಹಿಗ್ಗುವುದು ಸಹಜ, ಆದರೆ ಆ ಘಮ ಡಬ್ಬಿಯೊಳಗೆ ಇರಬೇಕಾಗಿದ್ದದ್ದು. ವಾಸನೆ ಜೋರಾಗಿ ಬರುತ್ತಿದೆ ಎಂದರೆ ಶಾಖ ಹೆಚ್ಚಾಗಿದೆ, ಇಲ್ಲವೇ ಎಲೆ ಜಜ್ಜಿಹೋಗಿದೆ ಎಂದು ಓದಿಕೊಳ್ಳಬೇಕು.

ಒಣಗಿಸುವುದು ಅಂದ ಕೂಡಲೇ ಬಿಸಿಲು, ಒಲೆ ನೆನಪಾಗುತ್ತವೆ. ಸೊಪ್ಪಿನ ಮಟ್ಟಿಗೆ ನಿಜವಾದ ಕೆಲಸ ಮಾಡುವುದು ಗಾಳಿ. ಎಲೆಯಿಂದ ಹೊರಬಿದ್ದ ಆವಿಯನ್ನು ಸುತ್ತಲಿನ ಗಾಳಿ ಹೀರಿಕೊಂಡು ಒಯ್ಯಬೇಕು. ಆಗಲೇ ಆವಿ ತುಂಬಿಕೊಂಡಿರುವ ಗಾಳಿಗೆ ಇನ್ನಷ್ಟು ಹೀರುವ ಶಕ್ತಿ ಇರುವುದಿಲ್ಲ. ಶಾಖದ ಪಾತ್ರ ಇಲ್ಲಿ ಬರುತ್ತದೆ, ಅದೂ ಪರೋಕ್ಷವಾಗಿ. 25 ಡಿಗ್ರಿ ಬಿಸಿಯಿರುವ, ಶೇಕಡ 80 ಆರ್ದ್ರತೆಯ ಗಾಳಿಯನ್ನು ಒಂದು ಹನಿ ನೀರನ್ನೂ ತೆಗೆಯದೆ ಸುಮ್ಮನೆ 35 ಡಿಗ್ರಿಗೆ ಬಿಸಿಮಾಡಿದರೆ ಅದರ ಆರ್ದ್ರತೆ ಸುಮಾರು 45ಕ್ಕೆ ಇಳಿಯುತ್ತದೆ. 40 ಡಿಗ್ರಿಗೆ ಏರಿಸಿದರೆ ಸುಮಾರು 34ಕ್ಕೆ. ಬಿಸಿಯಾದ ಗಾಳಿಗೆ ಹೆಚ್ಚು ಆವಿ ಹಿಡಿಯುವ ತಾಕತ್ತು ಬರುವುದರಿಂದ ಹೀಗೆ. ಅಂದರೆ ಹತ್ತು ಹದಿನೈದು ಡಿಗ್ರಿಯ ಏರಿಕೆಯಲ್ಲೇ ತೇವದ ಗಾಳಿ ಒಣಗಾಳಿಯಾಗುತ್ತದೆ. 35ರಿಂದ 45 ಡಿಗ್ರಿಯೊಳಗೆ ಇರಿ ಎಂದು ಅನುಭವಸ್ಥರು ಹೇಳುವುದು ಇದೇ ಕಾರಣಕ್ಕೆ. ಅದಕ್ಕಿಂತ ಮೇಲೆ ಹೋದರೆ ಒಂದಿಷ್ಟು ಸಮಯ ಉಳಿಯುತ್ತದೆ, ಬಹಳಷ್ಟು ಪರಿಮಳ ಹೋಗುತ್ತದೆ.

ಇನ್ನೊಂದು ಅಂಕಿಯನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು: ಶೇಕಡ 60 ಆರ್ದ್ರತೆ. ಎಲೆಯನ್ನು ಒಂದು ಕೋಣೆಯಲ್ಲಿ ಎಷ್ಟು ದಿನ ಬಿಟ್ಟರೂ ಅದು ಆ ಕೋಣೆಯ ಗಾಳಿಗಿಂತ ಹೆಚ್ಚು ಒಣಗಲಾರದು. ಗಾಳಿಯ ಆರ್ದ್ರತೆ ಶೇಕಡ 75 ಇದ್ದರೆ ಎಲೆಯೊಳಗಿನ ತೇವವೂ ಅದಕ್ಕೆ ಸರಿಸಮನಾದ ಮಟ್ಟದಲ್ಲಿ ಬಂದು ನಿಂತುಬಿಡುತ್ತದೆ. ಆ ಮಟ್ಟದಲ್ಲಿ ಬೂಷ್ಟು ನಿಧಾನವಾಗಿಯಾದರೂ ಬೆಳೆಯಬಲ್ಲದು. 60ಕ್ಕಿಂತ ಕೆಳಗೆ ಯಾವ ಬೂಷ್ಟೂ, ಯಾವ ಬ್ಯಾಕ್ಟೀರಿಯಾವೂ ಬೆಳೆಯುವುದಿಲ್ಲ. ಆದ್ದರಿಂದ ಮಳೆ ಹಿಡಿದ ದಿನಗಳಲ್ಲಿ ಬರೀ ನೆರಳಲ್ಲಿ ಹರವಿ, ವಾರಗಟ್ಟಲೆ ಕಾದು, ಯಾಕೋ ಗರಿಗರಿಯಾಗುತ್ತಿಲ್ಲವಲ್ಲ ಎಂದು ಕೊರಗುವುದರಲ್ಲಿ ಅರ್ಥವಿಲ್ಲ. ಆ ಗಾಳಿಯಲ್ಲಿ ಅದು ಗರಿಗರಿಯಾಗುವುದೇ ಇಲ್ಲ. ಗಾಳಿಯ ಆರ್ದ್ರತೆ ತೋರಿಸುವ, ಗೋಡೆಗೆ ನೇತುಹಾಕುವ ಒಂದು ಚಿಕ್ಕ ಹೈಗ್ರೋಮೀಟರ್ ಇಟ್ಟುಕೊಂಡರೆ ಇವತ್ತು ನೆರಳು ಸಾಕೋ ಯಂತ್ರ ಬೇಕೋ ಎಂಬ ಪ್ರಶ್ನೆಗೆ ನೋಡಿದ ತಕ್ಷಣ ಉತ್ತರ ಸಿಗುತ್ತದೆ.

ಕೊಯ್ಯುವ ಹೊತ್ತು ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮೊದಲು. ಹೂಮೊಗ್ಗು ಮೂಡುತ್ತಿದೆ, ಇನ್ನೂ ಅರಳಿಲ್ಲ ಎನ್ನುವ ಹಂತದಲ್ಲಿ ಹೆಚ್ಚಿನ ಗಿಡಗಳ ಎಲೆಯಲ್ಲಿ ಎಣ್ಣೆ ಚೆನ್ನಾಗಿ ತುಂಬಿರುತ್ತದೆ. ಹೂಬಿಟ್ಟು ಬೀಜ ಕಟ್ಟತೊಡಗಿದರೆ ತುಳಸಿ, ಬೇಸಿಲ್ ಎಲೆಗಳು ಚಿಕ್ಕದಾಗುತ್ತ, ಒರಟಾಗುತ್ತ ಹೋಗುತ್ತವೆ. ಎಳೆಯದೇ ಒಳ್ಳೆಯದು ಎಂಬ ಮಾತು ಹಸಿಯಾಗಿ ತಿನ್ನುವುದಕ್ಕೆ ಸರಿ, ಒಣಗಿಸುವುದಕ್ಕೆ ಯಾವಾಗಲೂ ಸರಿಯಲ್ಲ. ಪೆಪ್ಪರ್‌ಮಿಂಟ್ ತಳಿಯಲ್ಲಿ ಎಳೆ ಎಲೆಯ ಮೆಂಥೋನ್ ಎಂಬ ಅಂಶ ಎಲೆ ಬಲಿತಂತೆ ಮೆಂಥಾಲ್ ಆಗಿ ಬದಲಾಗುತ್ತದೆ. ಆ ತಂಪು ಬೇಕೆಂದರೆ ಬಲಿತ ಎಲೆಯೇ ಬೇಕು. ಹಳದಿಗಟ್ಟಿದ ಎಲೆ, ಹುಳು ಕೊರೆದ ಎಲೆ, ಕಪ್ಪು ಚುಕ್ಕೆ ಬಿದ್ದ ಎಲೆಗಳನ್ನು ಕೊಯ್ಯುವಾಗಲೇ ಬಿಡಿ. ಒಣಗಿದ ಮೇಲೆ ಎಲ್ಲವೂ ಒಂದೇ ಬಣ್ಣವಾಗಿ ಆರಿಸಲು ಬರುವುದಿಲ್ಲ.

ತೊಳೆಯಬೇಕೇ ಬೇಡವೇ ಎಂಬ ವಾದ ಹಳೆಯದು. ತೊಳೆಯಬೇಕು ಎಂಬುದೇ ನನ್ನ ಪಕ್ಷ. ಒಣಗಿಸುವ ಮಂದ ಶಾಖಕ್ಕೆ ರೋಗಾಣುಗಳು ಸಾಯುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತವೆ ಅಷ್ಟೇ. ಸಾಲ್ಮೊನೆಲ್ಲಾದಂಥವು ಒಣ ಎಲೆಯ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಅಗಲ ಪಾತ್ರೆಯಲ್ಲಿ ತಣ್ಣೀರು ತುಂಬಿ, ಕಡ್ಡಿಗಳ ಸಮೇತ ಅದ್ದಿ, ಮೆಲ್ಲಗೆ ಅಲ್ಲಾಡಿಸಿ, ಮಣ್ಣು ತಳಕ್ಕಿಳಿದ ಮೇಲೆ ಸೊಪ್ಪನ್ನು ಮೇಲಿನಿಂದ ಎತ್ತಿಕೊಳ್ಳಿ. ನೀರನ್ನು ಸೊಪ್ಪಿನ ಸಮೇತ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೇ ಮೆತ್ತಿಕೊಳ್ಳುತ್ತದೆ. ಎಲೆ ಬಿಡಿಸಿದ ಮೇಲೆ ತೊಳೆಯಬೇಡಿ, ಕಿತ್ತ ಗಾಯಗಳಲ್ಲಿ ನೀರು ಒಳಸೇರಿ ಕಪ್ಪಾಗುತ್ತದೆ.

ತೊಳೆದದ್ದಕ್ಕಿಂತ ಮುಖ್ಯ ತೊಳೆದ ನೀರನ್ನು ತೆಗೆಯುವುದು. ಎಲೆಗಳ ಮಡಿಕೆಯಲ್ಲಿ, ಕವಲುಗಳ ಕಂಕುಳಲ್ಲಿ ನಿಂತ ನೀರು ಎಲೆಯ ಒಳನೀರಿಗಿಂತ ಮೊದಲು ಆವಿಯಾಗಬೇಕು. ಅಷ್ಟು ಹೊತ್ತೂ ಎಲೆ ನೆನೆದೇ ಇರುತ್ತದೆ, ಕಪ್ಪು ತಿರುಗುವುದಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಕಡ್ಡಿಗಳನ್ನು ಬುಡದಲ್ಲಿ ಹಿಡಿದು ಜೋರಾಗಿ ಜಾಡಿಸಿ, ದಪ್ಪ ಹತ್ತಿ ಬಟ್ಟೆಯ ಮೇಲೆ ಒಂದೇ ಪದರದಲ್ಲಿ ಹರವಿ, ಇನ್ನೊಂದು ಬಟ್ಟೆಯಿಂದ ಒತ್ತಿ. ಉಜ್ಜಬಾರದು. ಫ್ಯಾನಿನ ಕೆಳಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಎಲೆಯ ಮೇಲೆ ಬೆರಳಾಡಿಸಿದರೆ ತೇವ ಅಂಟದಂತಾದ ಮೇಲೆ ಮುಂದಿನ ಕೆಲಸ.

ಎಲೆಯನ್ನು ಬಿಡಿಸಬೇಕೋ ಕಡ್ಡಿಯಲ್ಲೇ ಒಣಗಿಸಬೇಕೋ ಎಂಬುದನ್ನು ಗಿಡವೇ ಹೇಳುತ್ತದೆ. ಥೈಮ್, ಒರಿಗಾನೊ, ರೋಸ್‌ಮರಿ ಮುಂತಾದ ಗಟ್ಟಿ ಕಡ್ಡಿಯ ಗಿಡಗಳನ್ನು ಕಡ್ಡಿಯಲ್ಲೇ ಒಣಗಿಸಿ. ಇವುಗಳಲ್ಲಿ ನೀರು ಕಡಿಮೆ. ಹಸಿ ಥೈಮ್‌ನಲ್ಲಿ ಸುಮಾರು ಶೇಕಡ 65, ರೋಸ್‌ಮರಿಯಲ್ಲಿ 68. ಒಣಗಿದ ಮೇಲೆ ಕಡ್ಡಿಯನ್ನು ತುದಿಯಲ್ಲಿ ಹಿಡಿದು ಬುಡದ ಕಡೆಗೆ ಎರಡು ಬೆರಳಲ್ಲಿ ಎಳೆದರೆ ಎಲೆಗಳು ಸುರಿದುಬೀಳುತ್ತವೆ. ಹಸಿಯಾಗಿದ್ದಾಗ ಥೈಮ್‌ನ ಆ ಪುಟ್ಟ ಎಲೆಗಳನ್ನು ಕೀಳಲು ಕೂತರೆ ಬೆರಳಿಗೆ ಎಣ್ಣೆ ಅಂಟುವುದಷ್ಟೇ ಲಾಭ. ರೋಸ್‌ಮರಿಯಲ್ಲಿ ನೀರು ಕಡಿಮೆ ಇದ್ದರೂ ಒಣಗಲು ಹಿಡಿಯುವ ಸಮಯ ಹೆಚ್ಚು, ಒಂದರಿಂದ ಎರಡು ವಾರ. ಎಲೆಯ ಮೇಲೆ ಮೇಣದಂಥ ದಪ್ಪ ಹೊದಿಕೆ ಇದೆ, ಅಂಚುಗಳು ಕೆಳಕ್ಕೆ ಸುರುಟಿಕೊಂಡು ಆವಿ ಹೊರಹೋಗುವ ರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ. ನೀರನ್ನು ಬಿಟ್ಟುಕೊಡದೆ ಒಣನೆಲದಲ್ಲಿ ಬದುಕಲೆಂದೇ ಬೆಳೆಸಿಕೊಂಡ ಗುಣ ಅದು.

ಪುದೀನ, ತುಳಸಿ, ಬೇಸಿಲ್, ಮೆಂತ್ಯ ಸೊಪ್ಪುಗಳ ಲೆಕ್ಕ ಬೇರೆ. ಇವುಗಳ ದಂಟಿನಲ್ಲಿ ನೀರು ತುಂಬಿರುತ್ತದೆ, ದಂಟಿನಲ್ಲಿಟ್ಟು ಒಣಗಿಸಿದರೆ ದಂಟು ತನ್ನ ನೀರನ್ನು ಎಲೆಗೆ ಕೊಡುತ್ತಲೇ ಇರುತ್ತದೆ. ಎಲೆಗಳನ್ನು ಬಿಡಿಸಿ ಒಣಗಿಸುವುದೇ ಸರಿ. ಪುದೀನದ ಎಲೆಗೆ ತೊಟ್ಟು ಚಿಕ್ಕದು, ದಂಟಿಗೆ ತಾಗಿದಲ್ಲೇ ಚಿವುಟಿ. ಮೆಂತ್ಯಕ್ಕೆ ಮೂರೆಲೆಯ ತೊಟ್ಟನ್ನು ಅರ್ಧದಲ್ಲಿ ಮುರಿಯಿರಿ. ಕರಿಬೇವು ಕಡ್ಡಿಯಲ್ಲೂ ಒಣಗುತ್ತದೆ, ಬಿಡಿ ಎಲೆಯಾಗಿಯೂ ಒಣಗುತ್ತದೆ. ಬಣ್ಣವನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ನಿಂಬೆಹುಲ್ಲಿನ ಗರಿಯನ್ನು ಕತ್ತರಿಯಲ್ಲಿ ಒಂದು ಸೆಂಟಿಮೀಟರ್ ಉದ್ದಕ್ಕೆ ತುಂಡರಿಸಿದರೆ ಸಾಕು, ಆದರೆ ಬುಡದ ಬಿಳಿ ಭಾಗದಲ್ಲಿ ಎಲೆಗಳು ಒಂದರೊಳಗೊಂದು ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಅದನ್ನು ಉದ್ದಕ್ಕೆ ಸೀಳದಿದ್ದರೆ ಹೊರಪದರ ಒಣಗಿ ಒಳಗೆ ಹಸಿ ಉಳಿದು, ಡಬ್ಬಿಗೆ ಹೋದ ಮೇಲೆ ಬೂಷ್ಟು ಹಿಡಿಯುತ್ತದೆ. ದೊಡ್ಡಪತ್ರೆ ಎಲ್ಲಕ್ಕಿಂತ ಹಠಮಾರಿ. ಅದರ ದಪ್ಪ ಎಲೆ ನೀರು ಕೂಡಿಡಲೆಂದೇ ಇರುವುದು, ಕಿತ್ತಿಟ್ಟರೂ ದಿನಗಟ್ಟಲೆ ಬಾಡದೆ ಕೂರುತ್ತದೆ. ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಹರಿತವಾದ ಚಾಕುವಿನಲ್ಲಿ ಕತ್ತರಿಸಿ, ಬೆಚ್ಚಗಿನ ಗಾಳಿಯಲ್ಲೇ ಒಣಗಿಸಬೇಕು.

ನೆರಳಲ್ಲಿ ಹರವುವುದಾದರೆ ತಳ ತೆರೆದಿರಬೇಕು. ಸ್ಟೀಲ್ ತಟ್ಟೆಯ ಮೇಲೆ ಹರವಿದ ಎಲೆಯ ಮೇಲ್ಮೈ ಒಣಗುತ್ತದೆ, ಕೆಳಮೈ ಬೆವರುತ್ತದೆ. ಜರಡಿಯಾಗಲಿ, ಮರದ ಚೌಕಟ್ಟಿಗೆ ಎಳೆದು ಕಟ್ಟಿದ ಹೊಸ ಸೊಳ್ಳೆಪರದೆಯಾಗಲಿ ಒಳ್ಳೆಯದು. ಅದನ್ನು ನಾಲ್ಕು ಲೋಟಗಳ ಮೇಲೆ ಎತ್ತರಿಸಿ ಇಟ್ಟರೆ ಗಾಳಿ ಅಡಿಯಿಂದಲೂ ಆಡುತ್ತದೆ. ಹಳೆಯ ದಿನಪತ್ರಿಕೆ ಬೇಡ, ಒದ್ದೆ ಎಲೆಗೆ ಅದರ ಮಸಿ ಅಂಟುತ್ತದೆ. ಎಲೆಗಳು ಒಂದರ ಮೇಲೊಂದು ಬೀಳದಂತೆ ಹರವಿದರೆ ಒಂದೂವರೆ ಅಡಿ ಚದರದ ಜರಡಿಯಲ್ಲಿ 40ರಿಂದ 50 ಗ್ರಾಂ ಹಸಿ ಪುದೀನಕ್ಕಿಂತ ಹೆಚ್ಚು ಹಿಡಿಯದು. ಇದು ಕಡಿಮೆ ಅನ್ನಿಸಿ ಇನ್ನೊಂದು ಹಿಡಿ ಸೇರಿಸುವುದೇ ಎಲ್ಲರೂ ಮಾಡುವ ತಪ್ಪು. ಎರಡನೆಯ ಪದರ ಮೊದಲನೆಯದರ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೂರನೆಯ ಪದರ ಬಂದರೆ ನಡುವಿನದು ಬೇಯುತ್ತದೆ. ಎರಡು ಜರಡಿ ಇಡಿ, ಇಲ್ಲವೇ ಅರ್ಧದಷ್ಟೇ ಕೊಯ್ಯಿರಿ.

ಫ್ಯಾನನ್ನು ನೇರವಾಗಿ ಎಲೆಯ ಮೇಲೆ ತಿರುಗಿಸದೆ, ಪಕ್ಕದ ಗೋಡೆಗೆ ಬಡಿದು ಬರುವಂತೆ ನಿಧಾನಗತಿಯಲ್ಲಿ ಇಡಿ. ಮೊದಲ ದಿನ ಬೆಳಗ್ಗೆ ಸಂಜೆ ಎಲೆ ತಿರುವಿ ಹಾಕಿ. ಎರಡನೆಯ ದಿನದಿಂದ ಮುಟ್ಟುವುದನ್ನು ಕಡಿಮೆ ಮಾಡಿ, ಅರೆ ಒಣಗಿದ ಎಲೆ ತಿರುವಿದಷ್ಟೂ ಮುರಿಯುತ್ತದೆ, ಮುರಿದಲ್ಲೆಲ್ಲ ಎಣ್ಣೆ ಹಾರುತ್ತದೆ. ಗಾಳಿ ಒಣಗಿದ್ದರೆ ಪುದೀನ, ಮೆಂತ್ಯ ಎರಡರಿಂದ ನಾಲ್ಕು ದಿನಕ್ಕೆ ಆಗುತ್ತವೆ. ನೇರ ಬಿಸಿಲಿಗೆ ಇಟ್ಟರೆ ಒಂದೇ ದಿನಕ್ಕೆ ಆಗುತ್ತದೆ ನಿಜ, ಆದರೆ ಬೆಳಕು ಹಸಿರನ್ನು ತಿನ್ನುತ್ತದೆ. ಬಿಸಿಲಲ್ಲಿ ಎಲೆಯ ಮೈ ಸುತ್ತಲಿನ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಮೇಲ್ಮೈಯಲ್ಲೇ ಎಣ್ಣೆ ಇಟ್ಟುಕೊಂಡ ಪುದೀನದಂಥ ಎಲೆಗೆ ಅದು ದೊಡ್ಡ ನಷ್ಟ. ರಾತ್ರಿ ಗಾಳಿಯ ತೇವ ಏರುವ ಕಡೆ ಸಂಜೆ ಜರಡಿಯನ್ನು ಒಳಗೆ ತನ್ನಿ, ಹಗಲಲ್ಲಿ ಬಿಟ್ಟ ನೀರನ್ನು ಎಲೆ ರಾತ್ರಿ ವಾಪಸ್ಸು ಹೀರಿಕೊಳ್ಳುತ್ತದೆ.

ಕಟ್ಟಿ ನೇತುಹಾಕುವ ಪದ್ಧತಿ ನೋಡಲು ಚೆಂದ, ಮಾಡಲೂ ಸುಲಭ. ಅಂಗಡಿಯಿಂದ ತಂದ ದಪ್ಪ ಕಟ್ಟನ್ನು ಹಾಗೇ ನೇತುಹಾಕಿದರೆ ಮಾತ್ರ ಹೊರಗೆ ಒಣಗಿದ ಹುಲ್ಲು, ನಡುವೆ ಕಪ್ಪು ಮುದ್ದೆ. ಒಂದು ಕಟ್ಟಿಗೆ ಐದಾರು ಕಡ್ಡಿ ಸಾಕು. ದಾರದಲ್ಲಿ ಕಟ್ಟಿದರೆ ನಾಲ್ಕನೆಯ ದಿನ ಕಡ್ಡಿಗಳು ಸೊರಗಿ ಒಂದೊಂದಾಗಿ ಜಾರಿ ಬೀಳುತ್ತವೆ. ರಬ್ಬರ್ ಬ್ಯಾಂಡ್ ಹಾಕಿದರೆ ಕಡ್ಡಿ ಕುಗ್ಗಿದಂತೆ ಅದೂ ಬಿಗಿಯುತ್ತದೆ. ಧೂಳು ಬೀಳುವ ಜಾಗವಾದರೆ ಕಾಗದದ ಚೀಲದಲ್ಲಿ ತಲೆಕೆಳಗಾಗಿ ಇಳಿಬಿಟ್ಟು, ಚೀಲದ ಪಕ್ಕಗಳಲ್ಲಿ ಹತ್ತಾರು ತೂತು ಮಾಡಿ. ಸಬ್ಬಸಿಗೆಯನ್ನೂ ಕೊತ್ತಂಬರಿಯನ್ನೂ ಬೀಜಕ್ಕಾಗಿ ಒಣಗಿಸುವಾಗ ಇದೇ ಚೀಲ ಉದುರಿದ ಕಾಳನ್ನೂ ಹಿಡಿಯುತ್ತದೆ. ಅಡುಗೆಮನೆಯ ಒಲೆಯ ಮೇಲ್ಗಡೆ ನೇತುಹಾಕಬೇಡಿ. ಅಲ್ಲಿ ಬಿಸಿಯೇನೋ ಇದೆ, ಜೊತೆಗೆ ಹಬೆ ಇದೆ, ಒಗ್ಗರಣೆಯ ಜಿಡ್ಡೂ ಇದೆ.

ಬೆಚ್ಚಗಿನ ಗಾಳಿಯಾಡಿಸಿ ಒಣಗಿಸುವ ಯಂತ್ರ, ಅಂದರೆ ಡಿಹೈಡ್ರೇಟರ್ ಇದ್ದವರಿಗೆ ಕೆಲಸ ಹಗುರ. 35ರಿಂದ 40 ಡಿಗ್ರಿಗೆ ಇಟ್ಟು, ಟ್ರೇಗಳಲ್ಲಿ ಒಂದೇ ಪದರ ಹರವಿದರೆ ಮೆದು ಎಲೆಗಳು ಎರಡರಿಂದ ನಾಲ್ಕು ಗಂಟೆಯಲ್ಲಿ ಮುಗಿಯುತ್ತವೆ. ತೀರಾ ತೇವದ ದಿನ 45ರಿಂದ 50ರವರೆಗೆ ಏರಿಸಬೇಕಾಗಬಹುದು. ಏರಿಸುವುದಿದ್ದರೆ ಮೊದಲರ್ಧದಲ್ಲಿ ಏರಿಸಿ, ಕೊನೆಯಲ್ಲಿ ಇಳಿಸಿ. ಎಲೆಯಲ್ಲಿ ನೀರು ಧಾರಾಳವಾಗಿದ್ದಾಗ ಆವಿಯಾಗುವ ನೀರೇ ಎಲೆಯನ್ನು ತಂಪಾಗಿಡುತ್ತದೆ, ಬೆವರು ಮೈಯನ್ನು ತಂಪಾಗಿಸಿದ ಹಾಗೆ. ಸುತ್ತಲಿನ ಗಾಳಿ 45 ಇದ್ದರೂ ಎಲೆ ಅದಕ್ಕಿಂತ ತಣ್ಣಗಿರುತ್ತದೆ. ನೀರು ಮುಗಿಯುತ್ತ ಬಂದಂತೆ ಆ ರಕ್ಷಣೆ ಹೋಗಿ, ಗಾಳಿಯ ಶಾಖವೆಲ್ಲ ನೇರ ಎಲೆಗೆ ತಟ್ಟುತ್ತದೆ. ಘಮ ಹೋಗುವುದು ಹೆಚ್ಚಾಗಿ ಈ ಕೊನೆಯ ಗಂಟೆಯಲ್ಲಿ. ಯಂತ್ರಕ್ಕೆ ಹಾಕಿ ರಾತ್ರಿಯಿಡೀ ಮರೆತುಬಿಟ್ಟ ಎಲೆಗೆ ಹಸಿರು ಬಣ್ಣ ಇದ್ದರೂ ಹುಲ್ಲಿನ ರುಚಿಯೇ ಉಳಿಯುವುದು ಅದಕ್ಕೇ. ಪುದೀನದ ಜೊತೆ ಕರಿಬೇವನ್ನು ಒಣಗಿಸಬೇಡಿ, ಎರಡರ ವಾಸನೆಯೂ ಕಲೆಸಿಹೋಗುತ್ತದೆ. ಅರ್ಧ ಒಣಗಿದ ಟ್ರೇಗಳ ನಡುವೆ ಹೊಸ ಹಸಿ ಎಲೆಯ ಟ್ರೇ ತುರುಕಿದರೆ, ಒಣಗುತ್ತಿದ್ದ ಎಲೆಯೂ ಆ ತೇವವನ್ನು ಹೀರಿಕೊಂಡು ಮತ್ತೆ ಮೆತ್ತಗಾಗುತ್ತದೆ.

ಓವನ್ ಇದಕ್ಕೆ ಹೇಳಿ ಮಾಡಿಸಿದ ಸಾಧನವಲ್ಲ. ಹಲವು ಓವನ್‌ಗಳ ಕನಿಷ್ಠ ಶಾಖವೇ 50 ಡಿಗ್ರಿಗಿಂತ ಮೇಲೆ, ಅದೂ ಏರಿಳಿಯುತ್ತಿರುತ್ತದೆ. ಬೇರೆ ದಾರಿ ಇಲ್ಲದಿದ್ದರೆ 50ಕ್ಕೆ ಬಿಸಿಮಾಡಿ, ಆರಿಸಿ, ಎಲೆಯ ಟ್ರೇ ಒಳಗಿಟ್ಟು, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಬೆರಳಗಲ ತೆರೆದಿಡಿ. ತಣ್ಣಗಾದ ಮೇಲೆ ಟ್ರೇ ಹೊರತೆಗೆದು ಮತ್ತೆ ಬಿಸಿಮಾಡಿ ಆರಿಸಿ ಇಡಿ. ಬಾಗಿಲು ಮುಚ್ಚಿದರೆ ಆವಿ ಒಳಗೇ ಉಳಿದು ಎಲೆ ಹಬೆಯಲ್ಲಿ ಬೇಯುತ್ತದೆ.

ಮೈಕ್ರೊವೇವ್ ಅವಸರಕ್ಕೆ, ಒಂದು ಹಿಡಿ ಎಲೆಗೆ ಮಾತ್ರ. ಪೂರ್ತಿ ಮೇಲ್ತೇವ ಆರಿದ ಎಲೆಗಳನ್ನು ಎರಡು ಪೇಪರ್ ಟವೆಲ್‌ಗಳ ನಡುವೆ ಒಂದೇ ಪದರ ಇಟ್ಟು, ಮೊದಲು ಒಂದು ನಿಮಿಷ, ಆಮೇಲೆ 20-20 ಸೆಕೆಂಡಿನಂತೆ ಓಡಿಸಿ ಪ್ರತಿಸಲವೂ ತೆಗೆದು ನೋಡಿ. ಈ ಕಿರಣಗಳನ್ನು ಹೀರುವುದು ನೀರು. ಎಲೆಯ ನೀರು ಮುಗಿದ ಮೇಲೂ ಓಡಿಸಿದರೆ ಎಲೆ ಸುಡುತ್ತದೆ, ಕಾಗದಕ್ಕೆ ಬೆಂಕಿಯೂ ತಗಲಬಹುದು. ಪಕ್ಕದಲ್ಲಿ ಅರ್ಧ ಲೋಟ ನೀರಿಟ್ಟರೆ ಹೆಚ್ಚಿನ ಶಕ್ತಿಯನ್ನು ಅದು ಹೀರಿಕೊಳ್ಳುತ್ತದೆ. ಮರುಬಳಕೆಯ ಕಾಗದದಿಂದ ಮಾಡಿದ ಟವೆಲ್ ಬೇಡ, ಅದರಲ್ಲಿ ಲೋಹದ ಕಣಗಳಿದ್ದರೆ ಕಿಡಿ ಹಾರುತ್ತದೆ. ಅಲ್ಲಿಂದ ಅಲುಗಾಡಬೇಡಿ. ಇಷ್ಟು ಎಚ್ಚರಿಕೆ ಕೊಟ್ಟ ಮೇಲೂ ಒಂದು ಒಳ್ಳೆಯ ಮಾತು ಹೇಳಲೇಬೇಕು: ಕೆಲವೇ ನಿಮಿಷದಲ್ಲಿ ಮುಗಿಯುವುದರಿಂದ ಬಣ್ಣ ಬಹಳ ಚೆನ್ನಾಗಿ ಉಳಿಯುತ್ತದೆ.

ಫ್ರಿಜ್ಜಿನೊಳಗೆ ಒಣಗಿಸುವುದು ವಿಚಿತ್ರ ಅನ್ನಿಸಬಹುದು. ಹಿಮಗಟ್ಟದ ಬಗೆಯ ಫ್ರಿಜ್ಜಿನಲ್ಲಿ ಗಾಳಿ ತಣ್ಣಗಿನ ಸುರುಳಿಗೆ ಬಡಿದು ತನ್ನ ಆವಿಯನ್ನು ಅಲ್ಲೇ ಬಿಟ್ಟು ಬರುತ್ತದೆ. ಮುಚ್ಚದೆ ಇಟ್ಟ ಸೊಪ್ಪು ಬಾಡಿ ಸೊರಗುವುದು ಇದರಿಂದಲೇ. ಮೆಂತ್ಯ, ಪಾರ್ಸ್ಲಿ ಎಲೆಗಳನ್ನು ಟ್ರೇಯಲ್ಲಿ ಹರವಿ, ಮೇಲಿನ ಅಟ್ಟದಲ್ಲಿ ಮುಚ್ಚದೆ ಒಂದೆರಡು ವಾರ ಬಿಟ್ಟರೆ ಹಸಿರು ಕೆಡದೆ ಒಣಗುತ್ತವೆ. ಹೆಚ್ಚಿದ ಈರುಳ್ಳಿ ಅದೇ ಫ್ರಿಜ್ಜಿನಲ್ಲಿ ಇರಬಾರದು ಅಷ್ಟೇ. ಬೇಸಿಲ್‌ಗೆ ಮಾತ್ರ ಈ ದಾರಿ ಬೇಡವೇ ಬೇಡ. ಸುಮಾರು 12 ಡಿಗ್ರಿಗಿಂತ ಕೆಳಗೆ ಅದರ ಎಲೆ ಚಳಿಗೆ ಘಾಸಿಯಾಗಿ ಕಪ್ಪಾಗುತ್ತದೆ. ಕೊಯ್ದ ಬೇಸಿಲ್‌ನ್ನು ನಾಳೆ ಒಣಗಿಸೋಣ ಎಂದು ಫ್ರಿಜ್ಜಿನಲ್ಲಿ ಇಡುವುದೂ ತಪ್ಪು. ಕಡ್ಡಿಗಳನ್ನು ಲೋಟದ ನೀರಿನಲ್ಲಿ ನಿಲ್ಲಿಸಿ ಹೊರಗೇ ಇಡಿ.

ಕಪ್ಪಾಗುವುದರ ಬಗ್ಗೆ ಇನ್ನಷ್ಟು ಹೇಳಬೇಕು, ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ. ಎಲೆಯ ಜೀವಕೋಶದಲ್ಲಿ ಬಣ್ಣ ಕೆಡಿಸುವ ಕಿಣ್ವ ಒಂದು ಕೋಣೆಯಲ್ಲಿ, ಅದು ಕೆಲಸ ಮಾಡುವ ಒಗರು ಪದಾರ್ಥ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಗೋಡೆ ಒಡೆದರೆ ಎರಡೂ ಸೇರಿ, ಗಾಳಿಯ ಆಮ್ಲಜನಕದೊಂದಿಗೆ ಕಪ್ಪು ಬಣ್ಣ ಹುಟ್ಟುತ್ತದೆ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವುದೂ ಹೀಗೆಯೇ. ಜಜ್ಜುವುದು, ಹಿಸುಕುವುದು, ಮೊಂಡು ಚಾಕು, ಚೀಲದಲ್ಲಿ ಒತ್ತಿ ತುಂಬಿ ತರುವುದು ಎಲ್ಲವೂ ಆ ಗೋಡೆಗಳನ್ನು ಒಡೆಯುತ್ತವೆ. ಇದಲ್ಲದೆ ಇನ್ನೊಂದು ಬಗೆಯ ಬಣ್ಣಗೇಡು ಇದೆ, ಅದು ಕಪ್ಪಲ್ಲ, ಮಂಕು ಕಂದುಹಸಿರು. ಬೆಚ್ಚಗೂ ಒದ್ದೆಯಾಗಿಯೂ ಬಹಳ ಹೊತ್ತು ಇದ್ದ ಎಲೆಯಲ್ಲಿ ಜೀವಕೋಶದ ಹುಳಿ ಪತ್ರಹರಿತ್ತಿನ ನಡುವೆ ಇರುವ ಮೆಗ್ನೀಸಿಯಮ್ಮನ್ನು ಕಿತ್ತುಹಾಕುತ್ತದೆ. ಕಪ್ಪು ಕಂಡರೆ ಕೈ ಒರಟಾಯಿತು ಎಂದೂ, ಕಂದುಹಸಿರು ಕಂಡರೆ ಗಾಳಿ ಸಾಲದೆ ನಿಧಾನವಾಯಿತು ಎಂದೂ ತಿಳಿಯಬಹುದು. ಕುದಿಯುವ ನೀರಿನಲ್ಲಿ ಹದಿನೈದು ಸೆಕೆಂಡು ಅದ್ದಿ, ತಣ್ಣೀರಿಗೆ ಹಾಕಿ ತೆಗೆದರೆ ಆ ಕಿಣ್ವ ಸಾಯುತ್ತದೆ, ಬೇಸಿಲ್ ಕೂಡ ಹಸಿರಾಗೇ ಒಣಗುತ್ತದೆ. ಆದರೆ ಆ ಹದಿನೈದು ಸೆಕೆಂಡಿನಲ್ಲಿ ಒಂದಷ್ಟು ಪರಿಮಳ ನೀರಿನ ಪಾಲಾಗುತ್ತದೆ. ಬಣ್ಣಕ್ಕಾಗಿ ಘಮ ಕೊಡುವ ಈ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ.

ಕೊತ್ತಂಬರಿ ಸೊಪ್ಪನ್ನು ಒಣಗಿಸಬೇಡಿ. ಅದರ ಹಸಿ ವಾಸನೆಗೆ ಕಾರಣವಾದ ಆಲ್ಡಿಹೈಡ್‌ಗಳು ಎಷ್ಟು ಜಾಗರೂಕತೆಯಿಂದ ಒಣಗಿಸಿದರೂ ಹಾರಿಹೋಗುತ್ತವೆ, ಉಳಿಯುವುದು ಹಸಿರು ಪುಡಿ. ಜೊತೆಗೆ ಅದರಲ್ಲಿ ನೀರು ಶೇಕಡ 92ರಷ್ಟು; ನೂರು ಗ್ರಾಂ ಹಾಕಿದರೆ ಒಂಬತ್ತು ಗ್ರಾಂ ಸಿಗುತ್ತದೆ. ಪಾರ್ಸ್ಲಿ, ಚೈವ್ಸ್ ಕೂಡ ಬಹುಮಟ್ಟಿಗೆ ಇದೇ ಸಾಲಿನವು. ಹೆಚ್ಚಿ ಫ್ರೀಜರಿನಲ್ಲಿಡುವುದೇ ಇವಕ್ಕೆ ತಕ್ಕದ್ದು. ಮೆಂತ್ಯ ಸೊಪ್ಪು ಇದಕ್ಕೆ ತದ್ವಿರುದ್ಧ, ಒಣಗಿದ ಮೇಲೆ ಅದರ ಘಾಟು ಗಾಢವಾಗುತ್ತದೆ. ಒಣಗಿಸುವ ಕೆಲಸಕ್ಕೆ ಹೊಸಬರಾದವರು ಅದರಿಂದಲೇ ಶುರು ಮಾಡಿದರೆ ಒಳ್ಳೆಯದು.

ಇನ್ನು ಆಯಿತೋ ಇಲ್ಲವೋ ಎಂಬ ಪರೀಕ್ಷೆ. ಎಲೆಯನ್ನು ಬೆರಳಲ್ಲಿ ತಿಕ್ಕಿದಾಗ ಪುಡಿಯಾದರೆ ಆಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಪರೀಕ್ಷೆ. ಎಲೆಯ ಅಗಲ ಭಾಗ ಕಾಗದದಷ್ಟು ತೆಳ್ಳಗಿರುವುದರಿಂದ ಅದು ಮೊದಲು ಒಣಗುತ್ತದೆ, ತೊಟ್ಟು ಮತ್ತು ನಡುನರ ಕೊನೆಯಲ್ಲಿ. ಅಗಲ ಭಾಗ ಗರಿಗರಿಯಾಗಿ ಸದ್ದು ಮಾಡುವ ಹೊತ್ತಿಗೂ ತೊಟ್ಟಿನೊಳಗೆ ನೀರು ಇರುತ್ತದೆ. ಆದ್ದರಿಂದ ತೊಟ್ಟನ್ನು ಹಿಡಿದು ಬಗ್ಗಿಸಿ. ಬಾಗಿ ಮತ್ತೆ ನೆಟ್ಟಗಾದರೆ ಇನ್ನೂ ಹಸಿ. ಬಾಗಿ, ಮಡಿಚಿ, ನಾರಿನಂತೆ ಎಳೆದುಕೊಂಡು ನಿಂತರೆ ಇನ್ನೂ ಅರ್ಧ ದಿನವೋ ಒಂದು ಗಂಟೆಯೋ ಬೇಕು. ಲಟಕ್ಕನೆ ಸದ್ದು ಮಾಡಿ ಎರಡು ತುಂಡಾದರೆ ಆಯಿತು. ಟ್ರೇಯ ನಡುವಿನಿಂದ, ಮೂಲೆಗಳಿಂದ, ಅತಿ ದಪ್ಪ ತೊಟ್ಟಿನಿಂದ, ಹೀಗೆ ಐದಾರು ಕಡೆ ಪರೀಕ್ಷಿಸಿ. ಡಿಹೈಡ್ರೇಟರಿನಿಂದ ತೆಗೆದದ್ದಾದರೆ ಎರಡು ನಿಮಿಷ ತಣ್ಣಗಾಗಲು ಬಿಟ್ಟು ನೋಡಿ, ಬಿಸಿ ಇದ್ದಾಗ ತೊಟ್ಟು ಮೆತ್ತಗೇ ಅನ್ನಿಸುತ್ತದೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಇನ್ನೂ ನಿಖರವಾಗಿ ತಿಳಿಯುತ್ತದೆ. ಮೇಲ್ತೇವ ಆರಿದ ಹಸಿ ಎಲೆಯನ್ನು ತೂಗಿ ಬರೆದಿಟ್ಟುಕೊಳ್ಳಿ. ಶೇಕಡ 85 ನೀರಿರುವ ನೂರು ಗ್ರಾಂ ಪುದೀನದಲ್ಲಿ ಒಣಪದಾರ್ಥ 15 ಗ್ರಾಂ. ಒಣಗಿದ ಎಲೆಯಲ್ಲೂ ಶೇಕಡ ಹತ್ತರಷ್ಟು ತೇವ ಉಳಿಯುವುದರಿಂದ ಕೊನೆಯ ತೂಕ 16-17 ಗ್ರಾಂ ಆಸುಪಾಸಿಗೆ ಬರಬೇಕು. ತಕ್ಕಡಿ 22 ತೋರಿಸುತ್ತಿದ್ದರೆ ಕೈಗೆ ಗರಿಗರಿ ಅನ್ನಿಸಿದರೂ ಮುಗಿದಿಲ್ಲ. ಒಂದು ಗಂಟೆಯ ಅಂತರದಲ್ಲಿ ಎರಡು ಸಲ ತೂಗಿದಾಗ ತೂಕ ಇಳಿಯದಿದ್ದರೆ ಆ ಗಾಳಿಯಲ್ಲಿ ಒಣಗಬಹುದಾದಷ್ಟು ಒಣಗಿದೆ ಎಂದರ್ಥ.

ಆಮೇಲೂ ನೇರವಾಗಿ ಡಬ್ಬಿಗೆ ತುಂಬಿ ಅಟ್ಟಕ್ಕೇರಿಸಬೇಡಿ. ಗಾಜಿನ ಬಾಟಲಿಯಲ್ಲಿ ಮೂರರಲ್ಲಿ ಎರಡು ಭಾಗ ಮಾತ್ರ ಸಡಿಲವಾಗಿ ತುಂಬಿ, ಬಿಗಿಯಾಗಿ ಮುಚ್ಚಿ, ಒಂದು ವಾರ ಕಣ್ಣೆದುರೇ ಇಟ್ಟುಕೊಳ್ಳಿ. ದಿನಕ್ಕೊಮ್ಮೆ ಅಲುಗಿಸಿ. ತೊಟ್ಟುಗಳಲ್ಲಿ ಉಳಿದಿದ್ದ ತೇವ ಈ ವಾರದಲ್ಲಿ ಎಲ್ಲ ಎಲೆಗೂ ಹಂಚಿಹೋಗುತ್ತದೆ. ನಿನ್ನೆ ಗಲಗಲ ಅನ್ನುತ್ತಿದ್ದದ್ದು ಇವತ್ತು ಸದ್ದಿಲ್ಲದೆ ಹೊರಳಿದರೆ, ಇಲ್ಲವೇ ಗಾಜಿನ ಒಳಗೋಡೆ ಮಂಜಾದರೆ ತಕ್ಷಣ ಹೊರಗೆ ಸುರಿದು ಮತ್ತೆ ಒಣಗಿಸಿ; ಎರಡು ಮೂರು ದಿನದೊಳಗೆ ಗಮನಿಸಿದರೆ ಏನೂ ಕೆಡುವುದಿಲ್ಲ. ಚಿಕ್ಕ ಹೈಗ್ರೋಮೀಟರನ್ನು ಬಾಟಲಿಯೊಳಗೇ ಎಲೆಗಳ ಮೇಲೆ ಇಟ್ಟು ಮುಚ್ಚಿದರೆ ಊಹೆಯ ಮಾತೇ ಇರುವುದಿಲ್ಲ. ಒಂದು ದಿನದ ನಂತರ ಅದು ತೋರಿಸುವ ಅಂಕಿ 60ಕ್ಕಿಂತ ಕೆಳಗಿರಬೇಕು, 50-55 ಆದರೆ ನಿಶ್ಚಿಂತೆ. ಎಲೆಯಲ್ಲಿ ಬಿಳಿ ಅಥವಾ ಬೂದು ನೂಲಿನಂಥದ್ದು ಕಂಡರೆ, ಮುಗ್ಗಲು ವಾಸನೆ ಬಂದರೆ ಬಾಟಲಿಯಷ್ಟನ್ನೂ ಎಸೆಯಿರಿ. ಕೆಟ್ಟ ಎಲೆಯನ್ನು ಆರಿಸಿ ತೆಗೆದು ಉಳಿದದ್ದನ್ನು ಬಳಸುವುದು ಸರಿಯಲ್ಲ, ಬೂಷ್ಟಿನ ವಿಷ ಕಣ್ಣಿಗೆ ಕಾಣುವಂಥದ್ದಲ್ಲ. ಅರೆ ಒಣಗಿದ ಎಲೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಇನ್ನೂ ಅಪಾಯಕಾರಿ. ಗಾಳಿಯಿಲ್ಲದ, ತೇವ ಉಳಿದ ಜಾಗ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾಕ್ಕೆ ಹಿಡಿಸುತ್ತದೆ, ಅದರ ವಿಷಕ್ಕೆ ರುಚಿಯಾಗಲಿ ವಾಸನೆಯಾಗಲಿ ಇರಬೇಕೆಂದಿಲ್ಲ.

ಎಲೆಯನ್ನು ಪುಡಿ ಮಾಡದೆ ಇಡಿಯಾಗಿಯೇ ಇಡಿ. ಬಾಟಲಿ ಕತ್ತಲಲ್ಲಿರಲಿ, ಒಲೆಯಿಂದ ದೂರ ಇರಲಿ. ಕುದಿಯುವ ಪಾತ್ರೆಯ ಮೇಲೆ ನೇರವಾಗಿ ಬಾಟಲಿ ಬಗ್ಗಿಸುವ ಅಭ್ಯಾಸವಿದ್ದರೆ ಬಿಡಬೇಕು, ಪ್ರತಿಸಲವೂ ಒಂದು ಉಸಿರು ಹಬೆ ಒಳಹೋಗುತ್ತದೆ. ಅಂಗೈಗೆ ಸುರಿದುಕೊಂಡು, ಎರಡು ಅಂಗೈಗಳ ನಡುವೆ ತಿಕ್ಕಿ ಹಾಕಿ. ಇಷ್ಟು ದಿನ ಕಾಪಾಡಿದ ಎಣ್ಣೆಯ ಚೀಲಗಳು ಒಡೆಯಬೇಕಾದದ್ದು ಆಗಲೇ. ಹಸಿಯ ಮೂರನೇ ಒಂದು ಭಾಗ ಒಣ ಎಲೆ ಎಂಬ ಲೆಕ್ಕ ಚಮಚದ ಅಳತೆಗೆ ಸುಮಾರಾಗಿ ಹೊಂದುತ್ತದೆ, ತೂಕಕ್ಕೆ ಹೊಂದುವುದಿಲ್ಲ. ನೂರು ಗ್ರಾಂ ಥೈಮ್ ಒಣಗಿ 39 ಗ್ರಾಂ ಆಗುತ್ತದೆ, ಪುದೀನ 17. ಒಳ್ಳೆಯ ಎಲೆ ಒಂದು ವರ್ಷ ತಾಳುತ್ತದೆ.

ಬಾಟಲಿಯ ತಳದಲ್ಲಿ ಕಂದು ಬಣ್ಣದ, ಎರಡು ಮೂರು ಮಿಲಿಮೀಟರಿನ ದುಂಡು ಹುಳ ಕಂಡರೆ, ಎಲೆಗಳಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ, ಅದು ಒಣ ಸೊಪ್ಪು ಮಸಾಲೆಗಳನ್ನು ತಿನ್ನುವ ದುಂಬಿ. ಮೊಟ್ಟೆ ಹಸಿ ಎಲೆಯ ಜೊತೆ ಬಂದಿರುವುದಕ್ಕಿಂತ ಪಕ್ಕದ ಹಳೆಯ ಡಬ್ಬಿಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು, ಹಾಗಾಗಿ ಅಟ್ಟದ ಎಲ್ಲ ಡಬ್ಬಿಗಳನ್ನೂ ತೆರೆದು ನೋಡಿ. ಹುಳ ಬಿದ್ದ ಬಾಟಲಿಯನ್ನು ಎಸೆದುಬಿಡಿ. ಪಕ್ಕದಲ್ಲಿದ್ದ ಚೆನ್ನಾಗಿರುವ ಬಾಟಲಿಗಳನ್ನು ಮುಚ್ಚಿದಂತೆಯೇ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಕಣ್ಣಿಗೆ ಕಾಣದ ಮೊಟ್ಟೆಗಳೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ರಾತ್ರಿ ಮುಚ್ಚಳ ತೆರೆಯಬೇಡಿ. ತಣ್ಣಗಿನ ಎಲೆಗೆ ಕೋಣೆಯ ಗಾಳಿ ತಾಗಿದರೆ ಅದರ ಆವಿ ಎಲೆಯ ಮೇಲೇ ಹನಿಗಟ್ಟುತ್ತದೆ. ಗಾಜು ಕೈಗೆ ತಣ್ಣಗೆ ಅನ್ನಿಸದಂತಾದ ಮೇಲೆ ತೆರೆಯಿರಿ.